ಎಕ್ಸ್‌ರೇ ನಾರ್ಮಲ್ ಅಂತ ಬಂದಿದೆ, ಆದರೆ ಬೆರಳು ಊದಿಕೊಂಡೇ ಇದೆ. ಯಾವ ಸ್ಕ್ಯಾನ್ ಏನನ್ನು ತೋರಿಸುತ್ತದೆ?

ಬೆಳಗಿನ_ಬಿಗಿತ:

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ನನ್ನ ಎರಡೂ ಕೈಯ ತೋರುಬೆರಳು, ನಡುಬೆರಳಿನ ಬುಡದ ಗೆಣ್ಣು ಊದಿಕೊಂಡಿವೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು ಒಂದು ಗಂಟೆ ಕಳೆದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಜಾಸ್ತಿ, ರುಮಟಾಯ್ಡ್ ಸಂಧಿವಾತದ ಸುಳಿವು ಕೊಡುವ ಆಂಟಿ-ಸಿಸಿಪಿ ಪಾಸಿಟಿವ್. ಆದರೆ ಕೈಯ ಎಕ್ಸ್‌ರೇ ರಿಪೋರ್ಟಿನಲ್ಲಿ ಒಂದೇ ಸಾಲು: ಮೂಳೆ, ಕೀಲು ಎಲ್ಲ ನಾರ್ಮಲ್.

ಈಗ ಡಾಕ್ಟರು ಕೈಗೆ ಅಲ್ಟ್ರಾಸೌಂಡ್ ಮಾಡಿಸಿ ಎನ್ನುತ್ತಿದ್ದಾರೆ, ಬೇಕಾದರೆ ಆಮೇಲೆ ಎಂಆರ್‌ಐ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದಮೇಲೆ ಮತ್ತೆ ಯಾಕೆ ಅಂತ ಮನೆಯವರು ಕೇಳುತ್ತಿದ್ದಾರೆ. ನನ್ನ ಹತ್ತಿರ ಉತ್ತರ ಇಲ್ಲ. ಕೈ ನೋಡಿದರೆ ಊತ ಕಣ್ಣಿಗೇ ಕಾಣುತ್ತದೆ, ಚಿತ್ರದಲ್ಲಿ ಯಾಕೆ ಕಾಣುವುದಿಲ್ಲ? ಗೊತ್ತಿದ್ದವರು ತಿಳಿಸಿ.

ಫಿಲ್ಮ್_ಓದುವವ:

ಹದಿನೇಳು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ವಾರಕ್ಕೊಮ್ಮೆಯಾದರೂ ಯಾರಾದರೂ ಕೇಳುತ್ತಾರೆ.

ಎಕ್ಸ್‌ರೇ ಅನ್ನುವುದು ನೆರಳು. ಕಿರಣಗಳನ್ನು ಜಾಸ್ತಿ ತಡೆಯುವುದು ಮೂಳೆಯಲ್ಲಿರುವ ಕ್ಯಾಲ್ಸಿಯಂ. ಅದಕ್ಕೇ ಮೂಳೆ ಬೆಳ್ಳಗೆ ಬರುತ್ತದೆ. ಮಾಂಸ, ನೀರು, ಸ್ನಾಯುರಜ್ಜು (ಮಾಂಸವನ್ನು ಮೂಳೆಗೆ ಕಟ್ಟುವ ಹುರಿ), ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪು ಹೊದಿಕೆ) ಎಲ್ಲವೂ ಹೆಚ್ಚುಕಡಿಮೆ ಒಂದೇ ಬೂದು. 1895ರ ಡಿಸೆಂಬರ್ 22ರಂದು ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜೆನ್ ತೆಗೆದ ಅವರ ಹೆಂಡತಿಯ ಕೈ ಚಿತ್ರ ಎಲ್ಲರೂ ನೋಡಿರುತ್ತೀರಿ. ಬೆರಳಿನ ಎಲುಬು, ಉಂಗುರ, ಅದರ ಸುತ್ತ ಮಸುಕಾದ ಚರ್ಮದ ಅಂಚು. ನೂರಮೂವತ್ತು ವರ್ಷದಲ್ಲಿ ಚಿತ್ರ ಎಷ್ಟೋ ಚೊಕ್ಕಟವಾಗಿದೆ, ಆದರೆ ನೆರಳು ನೆರಳೇ.

ಎರಡು ಮೂಳೆ ಸೇರುವ ಕಡೆ ಕಪ್ಪು ಸಂದು ಕಾಣುತ್ತದಲ್ವಾ? ಅದು ಖಾಲಿ ಜಾಗ ಅಲ್ಲ. ಅಲ್ಲಿ ಎರಡೂ ಕಡೆಯ ಮೃದ್ವಸ್ಥಿ ಇದೆ, ಅದು ನಮ್ಮ ಫಿಲ್ಮಿನಲ್ಲಿ ಬರುವುದಿಲ್ಲ ಅಷ್ಟೇ. ಸಂದು ಕಿರಿದಾಗಿದೆ ಅಂದರೆ ಮೃದ್ವಸ್ಥಿ ಸವೆದಿದೆ ಅಂತ ನಾವು ಊಹಿಸುತ್ತೇವೆ. ಮೂಳೆ ತೆಳುವಾದರೂ ಹಾಗೇ. ಖನಿಜಾಂಶದಲ್ಲಿ ಶೇಕಡಾ 30ರಿಂದ 50ರಷ್ಟು ಹೋಗುವ ತನಕ ಸಾದಾ ಎಕ್ಸ್‌ರೇಯಲ್ಲಿ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ನಾಲ್ಕು ತಿಂಗಳ ಕಾಯಿಲೆಗೆ ಎಕ್ಸ್‌ರೇ ನಾರ್ಮಲ್ ಬಂದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಒಂದು ಮಾತು ಕೇಳಬೇಕಿತ್ತು. ಪಾದದ ಎಕ್ಸ್‌ರೇ ತೆಗೆದರಾ?

ಬೆಳಗಿನ_ಬಿಗಿತ:

ಇಲ್ಲ. ಪಾದ ನೋವೇ ಇಲ್ಲ. ಕೈ ಮಾತ್ರ, ಅದೂ ಅಂಗೈ ಕೆಳಗಿಟ್ಟು ಒಂದೇ ಭಂಗಿಯಲ್ಲಿ.

ಫಿಲ್ಮ್_ಓದುವವ:

ಮುಂದಿನ ಸಲ ಡಾಕ್ಟರ ಹತ್ತಿರ ಪಾದದ ಬಗ್ಗೆ ಕೇಳಿ ನೋಡಿ. ರುಮಟಾಯ್ಡ್ ಸಂಧಿವಾತದಲ್ಲಿ ಎಷ್ಟೋ ಜನರಿಗೆ ಮೂಳೆ ತಿಂದುಹೋದ ಮೊದಲ ಕೊರಕಲು ಕಾಲಿನ ಕಿರುಬೆರಳಿನ ಬುಡದ ಮೂಳೆಯಲ್ಲಿ, ಪಾದದ ಹೊರಗಡೆ ಅಂಚಿನಲ್ಲಿ ಕಾಣಿಸುತ್ತದೆ. ಕೈಗೂ ಇನ್ನೊಂದು ಭಂಗಿ ಇದೆ. ಚೆಂಡು ಹಿಡಿಯಲು ಎರಡೂ ಕೈ ಚಾಚಿದ ಹಾಗೆ ಅಂಗೈ ಓರೆಯಾಗಿ ಮೇಲಕ್ಕೆ. ನಾರ್ಗಾರ್ಡ್ ಅನ್ನುವವರು 1965ರಲ್ಲಿ ಹೇಳಿದ್ದು. ನೇರ ಭಂಗಿಯಲ್ಲಿ ಮೂಳೆಯ ಹಿಂದೆ ಅಡಗುವ ಅಂಚು ಅದರಲ್ಲಿ ಹೊರಗೆ ಬರುತ್ತದೆ. ಕೈಯ ಒಂದು ಎಕ್ಸ್‌ರೇಯ ವಿಕಿರಣ ಸುಮಾರು 0.001 ಮಿಲಿಸೀವರ್ಟ್. ಸುಮ್ನೆ ಭೂಮಿ ಮೇಲೆ ಬದುಕಿದ್ದಕ್ಕೇ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಅಂದರೆ ಕೆಲವೇ ಗಂಟೆಗಳ ಲೆಕ್ಕ. ಹೆದರಬೇಡಿ.

ಕೀಲು_ವೈದ್ಯೆ:

ನಾನು ರುಮಟಾಲಜಿ, ಅಂದರೆ ಸಂಧಿವಾತದ ವೈದ್ಯೆ. ಇಲ್ಲಿ ಯಾರಿಗೂ ಔಷಧಿ ಹೇಳುವುದಿಲ್ಲ, ಆದರೆ ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡಬೇಕು ಅನ್ನಿಸಿತು. ಚಿತ್ರ ಅರ್ಥವಾಗಬೇಕಾದರೆ ಮೊದಲು ಕೀಲು ಅರ್ಥವಾಗಬೇಕು.

ನಿಮ್ಮ ತೋರುಬೆರಳಿನ ಬುಡದ ಗೆಣ್ಣನ್ನೇ ತೆಗೆದುಕೊಳ್ಳಿ. ದುಂಡಗಿನ ಮೂಳೆಯ ತಲೆ, ಅದರ ಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾದ ಮೃದ್ವಸ್ಥಿಯ ಹೊದಿಕೆ. ಇಡೀ ಕೀಲನ್ನು ಒಂದು ಚೀಲ ಸುತ್ತಿಕೊಂಡಿದೆ. ಆ ಚೀಲದ ಒಳಮೈಗೆ ಸೈನೋವಿಯಂ ಎಂಬ ಪದರ. ಆರೋಗ್ಯವಾಗಿದ್ದಾಗ ಅದರ ಮೇಲ್ಪದರ ಒಂದರಿಂದ ಮೂರು ಜೀವಕೋಶದಷ್ಟು ದಪ್ಪ, ಅಷ್ಟೇ. ಕೀಲಿಗೆ ಜಾರುನೀರು ಕೊಡುವುದು ಅದರ ಕೆಲಸ.

ರುಮಟಾಯ್ಡ್ ಸಂಧಿವಾತ ಶುರುವಾಗುವುದು ಈ ಪದರದಲ್ಲಿ. ಅದು ಉಬ್ಬುತ್ತದೆ, ಮಡಿಕೆ ಮಡಿಕೆಯಾಗಿ ಬೆಳೆಯುತ್ತದೆ, ಹೊಸ ರಕ್ತನಾಳ ಹುಟ್ಟುತ್ತವೆ. ನಿಮ್ಮ ಕಣ್ಣಿಗೆ ಕಾಣುವ ಊತ ಅದೇ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಹಾಗಾಗಿ ಎಕ್ಸ್‌ರೇಗೆ ಅದು ಹೆಚ್ಚೆಂದರೆ ಸುತ್ತಲಿನ ಮಾಂಸದ ಮಸುಕು ಉಬ್ಬಾಗಿ ಸಿಗುತ್ತದೆ.

ಈಗ ಮುಖ್ಯ ವಿಷಯ. ಮೃದ್ವಸ್ಥಿ ಮುಗಿಯುವ ಅಂಚಿಗೂ ಚೀಲ ಅಂಟಿಕೊಂಡಿರುವ ಜಾಗಕ್ಕೂ ನಡುವೆ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿ ಮೂಳೆ ಚೀಲದ ಒಳಗೇ ಇದೆ, ಆದರೆ ಮೇಲೆ ಮೃದ್ವಸ್ಥಿಯ ಹೊದಿಕೆ ಇಲ್ಲ. ನಾವು ಅದನ್ನು ಬೋಳು ಜಾಗ ಎನ್ನುತ್ತೇವೆ. ಉಬ್ಬಿದ ಸೈನೋವಿಯಂ ಆ ಬರಿಮೂಳೆಗೆ ನೇರವಾಗಿ ತಾಗುತ್ತದೆ. ಅಲ್ಲೇ ಮೊದಲ ಕೊರಕಲು. ತೋರುಬೆರಳು, ನಡುಬೆರಳಿನ ಬುಡದಲ್ಲಿ ಹೆಬ್ಬೆರಳಿನ ಕಡೆಯ ಪಕ್ಕ, ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆಯ ಎಲುಬಿನ ಮೊನೆ, ಪಾದದ ಕಿರುಬೆರಳಿನ ಬುಡ, ಈ ಜಾಗಗಳನ್ನು ನಾವು ಹುಡುಕಿ ಹುಡುಕಿ ನೋಡುವುದು ಅದಕ್ಕೇ.

ಎಕ್ಸ್‌ರೇ ಕೊರಕಲು ಆದಮೇಲೆ ತೋರಿಸುತ್ತದೆ. ನಿಮ್ಮ ಡಾಕ್ಟರಿಗೆ ಬೇಕಾಗಿರುವುದು ಕೊರಕಲಿಗೆ ಮುಂಚಿನ ಸಂಗತಿ. ಮನೆಯವರಿಗೆ ಹೀಗೇ ಹೇಳಿ: ಇನ್ನೂ ಹಾಳಾಗಿಲ್ಲ ಅನ್ನುವುದು ಒಂದು ವಿಷಯ, ಹಾಳುಮಾಡುವುದು ಅಲ್ಲಿ ಇಲ್ಲ ಅನ್ನುವುದು ಇನ್ನೊಂದು.

ಎರಡನೇ_ವರ್ಷ:

ಮೇಡಂ, ನಾನು ಮೆಡಿಕಲ್ ಎರಡನೇ ವರ್ಷ. ಅನಾಟಮಿ ಡಿಸೆಕ್ಷನ್‌ನಲ್ಲಿ ಮೊಣಕಾಲು ಬಿಡಿಸಿದಾಗ ಸೈನೋವಿಯಂ ಅಂತ ತೋರಿಸಿದ್ದು ಒಂದು ನುಣುಪಾದ, ಒದ್ದೆ ಪೊರೆ. ಬೆರಳಿನ ಕೀಲಿನಲ್ಲಂತೂ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಅಷ್ಟು ತೆಳು ಪೊರೆ ಅಲ್ಟ್ರಾಸೌಂಡ್‌ನಲ್ಲಿ ಹೇಗೆ ಕಾಣುತ್ತದೆ?

ಕೀಲು_ವೈದ್ಯೆ:

ಆರೋಗ್ಯವಾಗಿದ್ದರೆ ಕಾಣುವುದೇ ಇಲ್ಲ. ಕಂಡರೆ ಅದೇ ಸುದ್ದಿ.

ಪ್ರೋಬ್_ಹಿಡಿದವಳು:

ಕೀಲಿನ ಅಲ್ಟ್ರಾಸೌಂಡ್ ನನ್ನ ದಿನದ ಕೆಲಸ, ಇದನ್ನು ನಾನು ಹೇಳುತ್ತೇನೆ.

ತರಂಗ ಕಳಿಸಲು ಚರ್ಮದ ಮೇಲಿಡುವ ಉಪಕರಣವೇ ಪ್ರೋಬ್. ಹೊಟ್ಟೆಗೆ ಬಳಸುವ ಪ್ರೋಬ್ ಬೇರೆ, ಬೆರಳಿಗೆ ಬೇರೆ. ಬೆರಳಿಗೆ 10ರಿಂದ 18 ಮೆಗಾಹರ್ಟ್ಸ್. ತರಂಗ ಎಷ್ಟು ಚುರುಕೋ ಅಷ್ಟು ಸಣ್ಣ ವಿವರ ಸಿಗುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ. ಗೆಣ್ಣು ಚರ್ಮದ ಕೆಳಗೇ ಇರುವುದರಿಂದ ಆಳ ಬೇಕಾಗಿಲ್ಲ. ಸೊಂಟದ ಕೀಲಿಗೆ ಇದೇ ಪ್ರೋಬ್ ಇಟ್ಟರೆ ಏನೂ ಸಿಗದು.

ಪರದೆಯಲ್ಲಿ ಮೂಳೆ ಒಂದು ಹೊಳೆಯುವ ಗೆರೆ. ಅದರ ಕೆಳಗೆ ಕತ್ತಲು, ತರಂಗ ಮೂಳೆಯನ್ನು ದಾಟುವುದಿಲ್ಲ. ಮೃದ್ವಸ್ಥಿ ಆ ಗೆರೆಯ ಮೇಲೆ ತೆಳು ಕಪ್ಪು ಪಟ್ಟಿ. ಉರಿಯೂತ ಇದ್ದರೆ ಗೆಣ್ಣಿನ ಮೇಲೆ ಬೂದುಬಣ್ಣದ ದಿಣ್ಣೆಯೊಂದು ಎದ್ದು ನಿಂತಿರುತ್ತದೆ. ಅದು ನೀರೋ ದಪ್ಪಗಾದ ಸೈನೋವಿಯಮ್ಮೋ ತಿಳಿಯಲು ಪ್ರೋಬನ್ನು ಮೆತ್ತಗೆ ಒತ್ತುತ್ತೇನೆ. ನೀರಾದರೆ ಪಕ್ಕಕ್ಕೆ ಸರಿದುಹೋಗುತ್ತದೆ. ಸೈನೋವಿಯಂ ಆದರೆ ಅಲ್ಲೇ ಇರುತ್ತದೆ.

ಆಮೇಲೆ ಪವರ್ ಡಾಪ್ಲರ್. ರಕ್ತ ಹರಿಯುವ ಕಡೆ ಕೆಂಪು-ಕಿತ್ತಳೆ ಚುಕ್ಕೆ ಮಿನುಗುತ್ತವೆ. ಆರೋಗ್ಯವಾದ ಬೆರಳಿನ ಕೀಲಿನ ಒಳಗೆ ಸಾಮಾನ್ಯವಾಗಿ ಏನೂ ಮಿನುಗುವುದಿಲ್ಲ. ಉರಿಯುತ್ತಿರುವ ಕೀಲಿನಲ್ಲಿ ಕೆಂಡ ಊದಿದ ಹಾಗೆ. ಏನೂ ಮಿನುಗದಿದ್ದರೆ 0, ತುಂಬಾ ಮಿನುಗಿದರೆ 3, ಹೀಗೆ ಅಂಕ ಕೊಡುತ್ತೇವೆ.

ಇಲ್ಲಿ ಒಂದು ವಿಷಯ ಮನಸಾರೆ ಹೇಳುತ್ತೇನೆ. ಈ ಕೆಂಪು ಬಹಳ ಸೂಕ್ಷ್ಮ. ಹೊಸದರಲ್ಲಿ ನಾನು ಒಬ್ಬರ ಬೆರಳಿಗೆ ಪ್ರೋಬನ್ನು ಗಟ್ಟಿಯಾಗಿ ಒತ್ತಿ ಹಿಡಿದು "ಡಾಪ್ಲರ್ ಇಲ್ಲ" ಅಂತ ಬರೆಯುವುದರಲ್ಲಿದ್ದೆ. ಕಲಿಸುತ್ತಿದ್ದವರು ಏನೂ ಮಾತಾಡದೆ ನನ್ನ ಮಣಿಕಟ್ಟು ಹಿಡಿದು ಒಂದು ಮಿಲಿಮೀಟರಿನಷ್ಟು ಮೇಲೆತ್ತಿದರು. ಪ್ರೋಬಿಗೂ ಚರ್ಮಕ್ಕೂ ನಡುವೆ ಬರೀ ಜೆಲ್ ಉಳಿಯಿತು. ಇಡೀ ಗೆಣ್ಣು ಕೆಂಪಾಯಿತು. ನನ್ನ ಕೈಯ ಭಾರವೇ ಆ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಟ್ಟಿತ್ತು. ಆವತ್ತಿನಿಂದ ಜೆಲ್ ಜಾಸ್ತಿ ಹಾಕುತ್ತೇನೆ, ಕಿರುಬೆರಳನ್ನು ರೋಗಿಯ ಕೈಗೆ ಆನಿಸಿ ಪ್ರೋಬನ್ನು ತೇಲಿಸುತ್ತೇನೆ. ಬೆರಳು ಪೂರ್ತಿ ಚಾಚಿದ್ದರೂ ಕೆಂಪು ಕಡಿಮೆಯಾಗುತ್ತದೆ, ಕೈ ತಣ್ಣಗಿದ್ದರೂ ಹಾಗೇ. ಅದಕ್ಕೇ ನೀವು ಹೋದಾಗ ಕೈ ಬೆಚ್ಚಗಿರಲಿ, ಸಡಿಲವಾಗಿರಲಿ.

ಎರಡನೇ ವರ್ಷದವರಿಗೆ ಒಂದು: ಸ್ನಾಯುರಜ್ಜಿನ ಎಳೆಗಳು ಒಂದೇ ದಿಕ್ಕಿಗೆ ಇರುತ್ತವೆ. ತರಂಗ ನೇರವಾಗಿ ಬಿದ್ದರೆ ಅದು ಬೆಳ್ಳಗೆ ಹೊಳೆಯುತ್ತದೆ, ಸ್ವಲ್ಪ ಓರೆಯಾದರೂ ಕಪ್ಪಾಗುತ್ತದೆ. ಹರಿದಿದೆ ಅಂತ ಮೋಸಹೋಗಬಾರದು. ಪ್ರೋಬನ್ನು ಅತ್ತಿತ್ತ ವಾಲಿಸಿ ನೋಡಿದ ಮೇಲೇ ಮಾತು.

ಎರಡನೇ_ವರ್ಷ:

ನಮ್ಮ ಪ್ರಾಕ್ಟಿಕಲ್‌ನಲ್ಲಿ ಒಬ್ಬರ ಕೈ ಮೇಲೆ ಒಬ್ಬರು ಪ್ರೋಬ್ ಇಟ್ಟು ನೋಡಿದೆವು. ಬೆರಳು ಮಡಚಿ ಬಿಡಿಸಿದರೆ ರಜ್ಜು ಪರದೆ ಮೇಲೆ ಜಾರುತ್ತಿತ್ತು! ಅಲುಗಾಡದೆ ಮಲಗಿದ್ದ ರಜ್ಜನ್ನು ಡಿಸೆಕ್ಷನ್ ಮೇಜಿನ ಮೇಲೆ ನೋಡಿದ್ದ ನನಗೆ ಅದು ಬೇರೆಯೇ ಪಾಠ.

ಹಳೇ_ಬೆನ್ನು:

ನನ್ನ ಕಥೆಯನ್ನೂ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ಇಪ್ಪತ್ತಮೂರನೇ ವಯಸ್ಸಿಗೆ ಸೊಂಟ ನೋವು ಶುರುವಾಯಿತು. ರಾತ್ರಿ ಮೂರು ಗಂಟೆಗೆ ಎಚ್ಚರ. ಎದ್ದು ಓಡಾಡಿದರೆ ಕಡಿಮೆ, ಮಲಗಿದರೆ ಜಾಸ್ತಿ. ಎಕ್ಸ್‌ರೇ ನಾರ್ಮಲ್. ಆಮೇಲೆ ಒಂದು ಕಡೆ ಎಂಆರ್‌ಐ ಕೂಡ ಆಯಿತು, ಅದೂ ನಾರ್ಮಲ್. ಡಿಸ್ಕ್ ಚೆನ್ನಾಗಿದೆ, ವ್ಯಾಯಾಮ ಮಾಡಿ ಅಂದರು. ಆರು ವರ್ಷ ಹಾಗೇ ಹೋಯಿತು. ನನಗೇ ನನ್ನ ನೋವಿನ ಮೇಲೆ ಅನುಮಾನ ಬಂದಿತ್ತು.

ಕೊನೆಗೆ ಒಬ್ಬ ವೈದ್ಯರು ಹಳೇ ಎಂಆರ್‌ಐ ತೆಗೆದು ಬೆಳಕಿಗೆ ಹಿಡಿದು ಹೇಳಿದರು: "ಇದು ಬೆನ್ನುಮೂಳೆಯ ಸ್ಕ್ಯಾನ್. ನಿಮ್ಮ ನೋವು ಇರುವುದು ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೊಇಲಿಯಾಕ್ ಕೀಲಿನಲ್ಲಿ. ಆ ಕೀಲು ಈ ಚಿತ್ರದ ಒಳಗೇ ಇಲ್ಲ." ಮತ್ತೆ ಸ್ಕ್ಯಾನ್ ಮಾಡಿಸಿದರು. ಸೊಂಟದ ಎರಡೂ ಕಡೆ ಮೂಳೆ ಒಳಗೆ ಬೆಳ್ಳಗೆ ಮೋಡ ಕವಿದ ಹಾಗಿತ್ತು.

ನಾರ್ಮಲ್ ಅಂತ ಬಂದಾಗ ದಯವಿಟ್ಟು ಕೇಳಿ, ಯಾವ ಜಾಗದ್ದು ನಾರ್ಮಲ್ ಅಂತ.

ಬೆಳಗಿನ_ಬಿಗಿತ:

ಆರು ವರ್ಷ! ಓದಿ ಸಂಕಟವಾಯಿತು. ಆ ಬಿಳಿ ಮೋಡ ಅಂದರೆ ಏನು? ಎಂಆರ್‌ಐ ನನಗೂ ಬರಬಹುದು ಅಂದಿದ್ದಾರೆ, ಅದರಲ್ಲಿ ಹೆಚ್ಚಾಗಿ ಏನು ಗೊತ್ತಾಗುತ್ತದೆ?

ಕೀಲು_ವೈದ್ಯೆ:

ಹಳೇ_ಬೆನ್ನು ಅವರೇ, ಬರೆದದ್ದಕ್ಕೆ ಧನ್ಯವಾದ. ಇಂಥ ಕಥೆ ನಾನು ಎಷ್ಟೋ ಕೇಳಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ. ಸ್ಯಾಕ್ರೊಇಲಿಯಾಕ್ ಕೀಲು ಓರೆಯಾಗಿ ಕುಳಿತಿದೆ. ಅದನ್ನು ನೋಡಬೇಕಾದರೆ ಸ್ಕ್ಯಾನಿನ ಪದರಗಳನ್ನೂ ತ್ರಿಕಾಸ್ಥಿಯ, ಅಂದರೆ ಬೆನ್ನುಮೂಳೆಯ ಬುಡದ ಎಲುಬಿನ ಓರೆಗೆ ಸರಿಯಾಗಿ ವಾಲಿಸಬೇಕು. ಬೆನ್ನಿನ ಸಾಮಾನ್ಯ ಸ್ಕ್ಯಾನಿನಲ್ಲಿ ಅದು ಚೌಕಟ್ಟಿನ ಹೊರಗೇ ಉಳಿಯುವುದು ಜಾಸ್ತಿ. ಬೆನ್ನಿನ ಸಂಧಿವಾತವನ್ನು ಗುರುತಿಸುವ 1984ರ ನ್ಯೂಯಾರ್ಕ್ ಮಾನದಂಡದಲ್ಲಿ ಈ ಕೀಲು ಎಕ್ಸ್‌ರೇಯಲ್ಲಿ ಕೆಟ್ಟಿರುವುದು ಕಾಣಲೇಬೇಕಿತ್ತು. ಎಷ್ಟೋ ಜನರಿಗೆ ಅದು ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತಿದ್ದವು. 2009ರಲ್ಲಿ ಆಸಾಸ್ ಎಂಬ ತಜ್ಞರ ಗುಂಪು ಎಂಆರ್‌ಐಯನ್ನು ಮಾನದಂಡಕ್ಕೆ ಸೇರಿಸಿದ ಮೇಲೆ ಬೇಗ ಹಿಡಿಯುವ ದಾರಿ ತೆರೆಯಿತು.

ಈಗ ಬಿಳಿ ಮೋಡ. ಎಂಆರ್‌ಐ ನೋಡುವುದು ಮುಖ್ಯವಾಗಿ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನನ್ನು. 1.5 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯದ್ದಕ್ಕಿಂತ ಸುಮಾರು 30,000 ಪಟ್ಟು. ಇದರಲ್ಲಿ ಎಕ್ಸ್ ಕಿರಣ ಇಲ್ಲ. ಮೂಳೆಯ ಒಳಗಿನ ಮಜ್ಜೆಯಲ್ಲಿ ಕೊಬ್ಬು ಜಾಸ್ತಿ. ಸ್ಟರ್ ಎಂಬ ಒಂದು ಬಗೆಯ ಚಿತ್ರದಲ್ಲಿ ಆ ಕೊಬ್ಬಿನ ಹೊಳಪನ್ನು ಆರಿಸಿಬಿಡುತ್ತಾರೆ. ಕೊಬ್ಬು ಕಪ್ಪಾದಾಗ, ಅಲ್ಲಿ ಇರಬಾರದ ನೀರು ಇದ್ದರೆ ಅದು ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದನ್ನು ಬೋನ್ ಮ್ಯಾರೋ ಎಡಿಮಾ, ಅಂದರೆ ಮಜ್ಜೆಯ ನೀರೂತ ಎನ್ನುತ್ತಾರೆ. ಹೆಸರು ಬರೀ ನೀರು ತುಂಬಿದ ಹಾಗೆ ಕೇಳಿಸುತ್ತದೆ. ಆದರೆ ರುಮಟಾಯ್ಡ್ ರೋಗಿಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಉರಿಯೂತದ ಜೀವಕೋಶಗಳೇ ತುಂಬಿದ್ದವು. ಅದು ಮೂಳೆಯ ಒಳಗಿನ ಉರಿ. ಮುಂದೆ ಕೊರಕಲು ಎಲ್ಲಿ ಬೀಳಬಹುದು ಎನ್ನುವುದಕ್ಕೆ ನಮಗೆ ಸಿಗುವ ಗಟ್ಟಿ ಮುನ್ಸೂಚನೆಗಳಲ್ಲಿ ಇದೊಂದು. ಅಲ್ಟ್ರಾಸೌಂಡ್ ಮೂಳೆ ದಾಟದೆ ಇರುವುದರಿಂದ ಇದನ್ನು ತೋರಿಸಲಾರದು. ಎಕ್ಸ್‌ರೇಯೂ ತೋರಿಸದು.

ಸೈನೋವಿಯಂ ಎದ್ದು ಕಾಣಲಿ ಅಂತ ಗ್ಯಾಡೊಲಿನಿಯಂ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದುಂಟು. ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮುಂಚೆಯೇ ಹೇಳಿ. ಪೇಸ್‌ಮೇಕರ್, ಕಣ್ಣಿನಲ್ಲಿ ಲೋಹದ ಚೂರು, ಯಾವುದೂ ಮುಚ್ಚಿಡಬೇಡಿ.

ದೂರ_ಓಟ:

ನಾನು ಮ್ಯಾರಥಾನ್ ಓಡುತ್ತೇನೆ. ನನ್ನ ಸ್ಕ್ಯಾನಿನಲ್ಲೂ ಸ್ಯಾಕ್ರೊಇಲಿಯಾಕ್ ಕೀಲಿನ ಪಕ್ಕ ಎಡಿಮಾ ಅಂತ ಬರೆದಿದ್ದಾರೆ. ಇದನ್ನೆಲ್ಲ ಓದಿ ಗಾಬರಿಯಾಗಿದೆ.

ಕೀಲು_ವೈದ್ಯೆ:

ಗಾಬರಿ ಬೇಡ. ಓಟಗಾರರು, ಸೈನಿಕರು, ಹೊಸದಾಗಿ ಹೆತ್ತ ತಾಯಂದಿರು, ಇವರ ಕೀಲಿನಲ್ಲೂ ಭಾರ ಬಿದ್ದು ಬಿಳಿ ಮಚ್ಚೆ ಕಾಣುತ್ತದೆ. ಮಚ್ಚೆ ಎಷ್ಟು ದೊಡ್ಡದು, ಎಷ್ಟು ಆಳ, ಪಕ್ಕದಲ್ಲಿ ಕೊರಕಲು ಇದೆಯೇ, ಮುಖ್ಯವಾಗಿ ನಿಮ್ಮ ನೋವಿನ ಸ್ವಭಾವ ಏನು, ಇದೆಲ್ಲ ಸೇರಿಸಿ ನೋಡಬೇಕು. ಸ್ಕ್ಯಾನ್ ಹಿಡಿದು ರುಮಟಾಲಜಿಸ್ಟ್ ಹತ್ತಿರ ಒಮ್ಮೆ ಕೂತು ಮಾತಾಡಿ.

ಹೆಬ್ಬೆರಳು_ಕೆಂಪು:

ಕೀಲಿನಲ್ಲಿ ಯೂರಿಕ್ ಆಸಿಡ್ ಹರಳು ಕೂರುವ ಗೌಟ್ ಇರುವವರಿಗೂ ಯಾರಾದರೂ ಹೇಳಿ. ನನಗೆ ಡ್ಯುಯಲ್ ಎನರ್ಜಿ ಸಿಟಿ ಅಂತ ಬರೆದಿದ್ದಾರೆ.

ಫಿಲ್ಮ್_ಓದುವವ:

ಅದು ಸಿಟಿಯೇ, ಎಕ್ಸ್‌ರೇಯಿಂದ ಪದರ ಪದರವಾಗಿ ನೋಡುವ ಸ್ಕ್ಯಾನ್. ಆದರೆ ಎರಡು ಬೇರೆ ಬೇರೆ ಶಕ್ತಿಯಲ್ಲಿ, ಸಾಮಾನ್ಯವಾಗಿ 80 ಮತ್ತು 140 ಕಿಲೋವೋಲ್ಟ್‌ನಲ್ಲಿ, ಅದೇ ಜಾಗವನ್ನು ನೋಡುತ್ತದೆ. ಕ್ಯಾಲ್ಸಿಯಂ ಒಂದು ರೀತಿ ತಡೆಯುತ್ತದೆ, ಯೂರಿಕ್ ಆಸಿಡ್ ಹರಳು ಇನ್ನೊಂದು ರೀತಿ. ಆ ವ್ಯತ್ಯಾಸ ಹಿಡಿದು ಕಂಪ್ಯೂಟರ್ ಹರಳಿಗೆ ಬಣ್ಣ ಹಚ್ಚುತ್ತದೆ, ಹೆಚ್ಚಾಗಿ ಹಸಿರು. ಉಗುರು, ದಪ್ಪಗಾದ ಹಿಮ್ಮಡಿ ಚರ್ಮ ಕೂಡ ಹಸಿರಾಗುತ್ತವೆ, ಅದು ಹರಳಲ್ಲ. ಕಾಯಿಲೆ ಹೊಸದಾಗಿದ್ದರೆ ಹರಳು ಇದ್ದೂ ಹಸಿರು ಬಾರದೆ ಇರಬಹುದು.

ಪ್ರೋಬ್_ಹಿಡಿದವಳು:

ಸೇರಿಸುತ್ತೇನೆ. ಗೌಟ್‌ನಲ್ಲಿ ಹರಳು ಮೃದ್ವಸ್ಥಿಯ ಮೇಲ್ಮೈ ಮೇಲೆ ಹಿಮದ ಹಾಗೆ ಕೂರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಮೂಳೆಯದ್ದೊಂದು ಗೆರೆ, ಹರಳಿನದ್ದೊಂದು ಗೆರೆ, ರೈಲು ಹಳಿಯಂತೆ ಜೋಡಿ ಕಾಣುತ್ತದೆ. ಇನ್ನೊಂದು ಬಗೆಯ ಸಂಧಿವಾತ ತರುವ ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಹರಳಾದರೆ ಮೃದ್ವಸ್ಥಿಯ ಮೇಲೆ ಅಲ್ಲ, ಒಳಗೆ ಹೊಳೆಯುತ್ತದೆ. ಚಿಕಿತ್ಸೆ ಬೇರೆ ಬೇರೆ, ಹಾಗಾಗಿ ಈ ಒಂದು ಗೆರೆ ಎಲ್ಲಿದೆ ಅನ್ನುವುದು ಸಣ್ಣ ವಿಷಯ ಅಲ್ಲ.

ಲೆಕ್ಕ_ಕೇಳುವವ:

ಎಲ್ಲ ಓದಿದೆ. ಹಾಗಾದರೆ ಸಂಧಿವಾತ ಇರುವ ಎಲ್ಲರಿಗೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಎಂಆರ್‌ಐ ಮಾಡಿ, ಕೊನೆಯ ಕೆಂಪು ಚುಕ್ಕೆ ಆರುವ ತನಕ ಔಷಧಿ ಏರಿಸುತ್ತಾ ಹೋಗಬಹುದಲ್ವಾ?

ಕೀಲು_ವೈದ್ಯೆ:

ಒಳ್ಳೆಯ ಪ್ರಶ್ನೆ. ನಾವೂ ಹಾಗೇ ಅಂದುಕೊಂಡಿದ್ದೆವು. ನಾರ್ವೆಯಲ್ಲಿ ಆರ್ಕ್‌ಟಿಕ್ ಎಂಬ ಅಧ್ಯಯನ ಮಾಡಿದರು, 2016ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಲ್ಟ್ರಾಸೌಂಡ್ ನೋಡಿ ನೋಡಿ ಔಷಧಿ, ಇನ್ನೊಂದಕ್ಕೆ ಕೈಯಿಂದ ಕೀಲು ಮುಟ್ಟಿ, ರಕ್ತ ಪರೀಕ್ಷೆ ನೋಡಿ ಔಷಧಿ. ಎರಡು ವರ್ಷದ ಕೊನೆಗೆ ಮೊದಲ ಗುಂಪು ಎರಡನೆಯದಕ್ಕಿಂತ ಹೆಚ್ಚೇನೂ ಗುಣವಾಗಿರಲಿಲ್ಲ. ಡೆನ್ಮಾರ್ಕಿನಲ್ಲಿ ಎಂಆರ್‌ಐ ಇಟ್ಟುಕೊಂಡು ಇಂಥದ್ದೇ ಇಮ್ಯಾಜಿನ್-ಆರ್‌ಎ ಅಧ್ಯಯನ, 2019ರಲ್ಲಿ ಬಂತು. ಅದರಲ್ಲೂ ಮುಖ್ಯ ಗುರಿಗಳಲ್ಲಿ ವ್ಯತ್ಯಾಸ ಸಿಗಲಿಲ್ಲ. ಸಣ್ಣಪುಟ್ಟ ಮಚ್ಚೆ ಆರೋಗ್ಯವಂತರಲ್ಲೂ ಇರುತ್ತವೆ. ಅದರ ಬೆನ್ನುಹತ್ತಿ ಔಷಧಿ ಏರಿಸಿದರೆ ಅಡ್ಡಪರಿಣಾಮ ರೋಗಿಯ ಪಾಲಿಗೆ.

ಹಾಗಾಗಿ ನನ್ನ ರೂಢಿ ಇದು. ಅನುಮಾನ ಇರುವಾಗ ಸ್ಕ್ಯಾನ್. ರೋಗ ಇದೆಯೇ ಇಲ್ಲವೇ, ಈ ನೋವು ಉರಿಯೂತದ್ದೋ ಸವೆತದ್ದೋ, ಸೂಜಿ ಎಲ್ಲಿಗೆ ಹಾಕಬೇಕು. ಉತ್ತರ ಈಗಾಗಲೇ ಗೊತ್ತಿದ್ದರೆ ಸುಮ್ನೆ ಇನ್ನೊಂದು ಚಿತ್ರ ತೆಗೆಸುವುದಿಲ್ಲ.

ಫಿಲ್ಮ್_ಓದುವವ:

ವರ್ಷದಿಂದ ವರ್ಷಕ್ಕೆ ಹೋಲಿಸಲು ಇಂದಿಗೂ ಎಕ್ಸ್‌ರೇಯೇ ಗಟ್ಟಿ. ಔಷಧಿಯ ಅಧ್ಯಯನಗಳಲ್ಲಿ ಕೈ, ಪಾದದ ಒಂದೊಂದೇ ಕೀಲಿಗೆ ಅಂಕ ಕೊಡುತ್ತಾರೆ. ವಾನ್ ಡೆರ್ ಹೈಡೆ ತಿದ್ದಿದ ಶಾರ್ಪ್ ಪದ್ಧತಿಯಲ್ಲಿ ಗರಿಷ್ಠ 448. ನಿಮ್ಮ ನಾರ್ಮಲ್ ಎಕ್ಸ್‌ರೇಯನ್ನು ಎಸೆಯಬೇಡಿ, ಅದು ನಿಮ್ಮ ಸೊನ್ನೆ ಗೆರೆ.

ಬೆಳಗಿನ_ಬಿಗಿತ:

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಅಲ್ಟ್ರಾಸೌಂಡ್ ಆಯಿತು. ಹೋಗುವ ಮುಂಚೆ ಕೈ ಬೆಚ್ಚಗೆ ಮಾಡಿಕೊಂಡಿದ್ದೆ. ಅವರು ಪ್ರೋಬನ್ನು ಎಷ್ಟು ಹಗುರವಾಗಿ ಹಿಡಿದಿದ್ದರೆಂದರೆ ತಣ್ಣನೆ ಜೆಲ್ ಬಿಟ್ಟು ಏನೂ ತಾಗಲಿಲ್ಲ. ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಆ ಬೂದು ದಿಣ್ಣೆ, ಅದರೊಳಗೆ ಕೆಂಪು ಮಿಣುಕು. ನಾಡಿ ಬಡಿದ ಹಾಗೆ ಬಂದು ಹೋಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅಮ್ಮ ಪರದೆಯನ್ನೇ ನೋಡುತ್ತಿದ್ದರು. ಹೊರಗೆ ಬಂದಮೇಲೆ ಎಕ್ಸ್‌ರೇ ಮಾತು ಎತ್ತಲಿಲ್ಲ, ನನ್ನ ಕೈ ಹಿಡಿದುಕೊಂಡು ನಡೆದರು. ಅಂಕ 2. ಔಷಧಿ ಶುರುವಾಗಿದೆ. ಎಂಆರ್‌ಐ ಸದ್ಯಕ್ಕೆ ಬೇಡ ಅಂದರು.

ಫಿಲ್ಮ್_ಓದುವವ ಅವರೇ, ಪಾದದ ಎಕ್ಸ್‌ರೇ ಕೇಳಿ ತೆಗೆಸಿದೆ. ಎಡಗಾಲಿನ ಕಿರುಬೆರಳಿನ ಬುಡ, ಹೊರಗಡೆ ಅಂಚು. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಗೆರೆ ನುಣ್ಣಗೆ ಬರುತ್ತಾ ಬರುತ್ತಾ ಒಂದು ಕಡೆ ಇಲಿ ಕಚ್ಚಿದಷ್ಟು ಕಡಿದುಹೋಗಿತ್ತು. ಆ ಬೆರಳು ನನಗೆ ಒಂದು ದಿನವೂ ನೋವು ಕೊಟ್ಟಿಲ್ಲ.